ಕೇಳಿದರೆ ಮಾತ್ರ ಬಾಯಿಬಿಡುವ ಫೈಲು

"ಸರ್, ಪ್ರೋಗ್ರಾಮ್ ಕಂಪೈಲ್ ಆಗ್ತದೆ, ಎರರ್ ಒಂದೂ ಇಲ್ಲ. ಆದ್ರೆ ಫೈಲಿನಿಂದ ಏನೂ ಬರೋದಿಲ್ಲ." ಸಿ ಭಾಷೆ ಕಲಿಯುತ್ತಿರುವ ನಮ್ಮ ಮಕ್ಕಳಿಂದ ಪದೇ ಪದೇ ಕೇಳುವ ಮಾತು ಇದು. ಪುಸ್ತಕಗಳಲ್ಲಿ ಫೈಲಿನ ಪಾಠ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಸೆಮಿಸ್ಟರು ಮುಗಿಯುತ್ತ ಬಂದಿರುತ್ತದೆ, ಟೀಚರಿಗೂ ಅವಸರ, ಮಕ್ಕಳಿಗೂ ಅವಸರ. ಮುಂಬಯಿ ವಿಶ್ವವಿದ್ಯಾಲಯದ ಮೊದಲ ವರ್ಷದ ಎಂಜಿನಿಯರಿಂಗಿನಲ್ಲಿ ಸಿ ಭಾಷೆ ಮೊದಲು 'ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಅಪ್ರೋಚ್' ಎಂಬ ಹೆಸರಿನಲ್ಲಿತ್ತು, ಆಮೇಲೆ 'ಸಿ ಪ್ರೋಗ್ರಾಮಿಂಗ್' ಆಯಿತು. ಹೆಸರು ಬದಲಾದರೂ ಈ ಗೋಳು ಬದಲಾಗಲಿಲ್ಲ.

ಇದು ಪರೀಕ್ಷೆಯ ಮಾರ್ಕಿನ ಮಾತಾಗಿ ಮಾತ್ರ ಉಳಿದಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಸಂಘಗಳ ಸದಸ್ಯರ ಪಟ್ಟಿ ಒಂದು ಕಾಲದಲ್ಲಿ ರಟ್ಟಿನ ರಿಜಿಸ್ಟರಿನಲ್ಲಿ ಇರುತ್ತಿತ್ತು. ಈಗ ಯಾರದೋ ಲ್ಯಾಪ್‌ಟಾಪಿನಲ್ಲಿ ಒಂದು ಫೈಲಾಗಿ ಇರುತ್ತದೆ. "ನಿಮ್ಮ ಮಗ ಕಂಪ್ಯೂಟರ್ ಓದ್ತಾನಲ್ಲ, ಒಂದು ಪ್ರೋಗ್ರಾಮ್ ಮಾಡಿಕೊಡಲಿ" ಎಂದು ಕಾರ್ಯದರ್ಶಿಯವರು ಹೇಳುತ್ತಾರೆ. ಮಗನೋ ಮಗಳೋ ಕ್ಲಾಸಿನಲ್ಲಿ ಕಲಿತಷ್ಟರಲ್ಲಿ ಮಾಡಿಕೊಡುತ್ತಾರೆ. ಆ ಪ್ರೋಗ್ರಾಮ್ ಒಂದು ದಿನ ಸದ್ದಿಲ್ಲದೆ ಹೆಸರುಗಳನ್ನು ನುಂಗಿದರೆ ಮರಳಿ ತರುವವರು ಯಾರು? ಊರು ಬಿಟ್ಟು ಬಂದವರ ಹೆಸರು, ವಿಳಾಸ, ಸೇರಿದ ವರ್ಷ ಎಲ್ಲ ಆ ಒಂದು ಫೈಲಿನಲ್ಲೇ ಇರುತ್ತದೆ.

ಆದ್ದರಿಂದ ಈ ಸಲದ ಅಂಕಣ ಪೂರ್ತಿ ಫೈಲಿಗೆ ಮೀಸಲು. ಫಂಕ್ಷನ್ನುಗಳ ಹೆಸರನ್ನು ಎಂದಿನಂತೆ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಕೀಬೋರ್ಡಿನಲ್ಲಿ ಹೇಗೆ ಒತ್ತಬೇಕೆಂದು ನಿಮಗೆ ಗೊತ್ತೇ ಇದೆ.

ಮೊದಲಿಗೆ ಒಂದು ಮೂಲ ಮಾತು. ಬೆಲ್ ಲ್ಯಾಬ್ಸಿನಲ್ಲಿ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಕಟ್ಟಿದ ಈ ಭಾಷೆಗೆ, ಕೆಲಸ ಕೆಟ್ಟಾಗ ತಾನಾಗಿ ಕೂಗಿ ಹೇಳುವ ಅಭ್ಯಾಸವಿಲ್ಲ. ಜಾವಾ, ಪೈಥಾನ್‌ಗಳಲ್ಲಿ ಫೈಲು ಸಿಗದಿದ್ದರೆ ಪ್ರೋಗ್ರಾಮ್ ದೊಡ್ಡ ಸಂದೇಶ ಕೊಟ್ಟು ನಿಲ್ಲುತ್ತದೆ. ಸಿ ಹಾಗೆ ಮಾಡುವುದಿಲ್ಲ. ಅದರ ಫೈಲ್ ಫಂಕ್ಷನ್ನುಗಳು ಕೆಲಸ ಮುಗಿಸಿ ಒಂದು ಉತ್ತರ ಕೊಡುತ್ತವೆ, ಇದೇ ರಿಟರ್ನ್ ವ್ಯಾಲ್ಯೂ. ಆಯಿತೋ ಇಲ್ಲವೋ, ಆಗಿದ್ದರೆ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ನೀವು ಕೇಳಿಸಿಕೊಂಡರೆ ಉಂಟು, ಇಲ್ಲದಿದ್ದರೆ ಪ್ರೋಗ್ರಾಮ್ ಮುಂದಿನ ಸಾಲಿಗೆ ಹೋಗಿಯೇ ಬಿಡುತ್ತದೆ. ಫೈಲಿನ ತೊಂದರೆಗಳಲ್ಲಿ ಬಹುಪಾಲು ಈ ಉತ್ತರವನ್ನು ಕೇಳದೆ ಬಿಟ್ಟದ್ದರಿಂದ ಹುಟ್ಟುತ್ತವೆ.

ಫೈಲು ತೆರೆಯಿತೇ?

ಎಫ್‌ಓಪನ್‌ಗೆ ಫೈಲು ತೆರೆಯಲು ಆಗದಿದ್ದರೆ ಅದು ನಲ್ ಎಂದು ಉತ್ತರ ಕೊಡುತ್ತದೆ. ಅದನ್ನು ಪರೀಕ್ಷಿಸದೆ ಓದಲು ಹೊರಟರೆ ಪ್ರೋಗ್ರಾಮ್ ಸಾಮಾನ್ಯವಾಗಿ 'ಸೆಗ್ಮೆಂಟೇಷನ್ ಫಾಲ್ಟ್' ಎಂದು ಬೀಳುತ್ತದೆ, ಅಥವಾ ಕಪ್ಪು ಪರದೆ ಮಿಂಚಿ ಮಾಯವಾಗುತ್ತದೆ. "ಫೈಲು ತೆರೆಯಲಾಗಲಿಲ್ಲ" ಎಂಬ ಒಂದು ಪ್ರಿಂಟ್‌ಎಫ್ ಹಾಕಿದರೆ ಅರ್ಧ ಕೆಲಸ ಆದಂತೆ. ಅದರ ಬದಲು ಪಿಎರರ್ ಎಂಬ ಫಂಕ್ಷನ್ ಹಾಕಿದರೆ ಕಾರಣವೂ ತಿಳಿಯುತ್ತದೆ. 'ನೋ ಸಚ್ ಫೈಲ್' ಎಂದು ಬಂದರೆ ಹೆಸರು ಅಥವಾ ದಾರಿ ತಪ್ಪಿದೆ. 'ಪರ್ಮಿಷನ್ ಡಿನೈಡ್' ಎಂದು ಬಂದರೆ ಫೈಲು ಇದೆ, ಮುಟ್ಟಲು ಬಿಡುತ್ತಿಲ್ಲ. ಎರಡಕ್ಕೂ ಔಷಧಿ ಬೇರೆ.

ಹೆಸರು ಸರಿಯಿದ್ದೂ ಸಿಗದಿರಲು ಸಾಮಾನ್ಯವಾಗಿ ಈ ಕಾರಣಗಳು:

ಒಂದು, ನೀವು ಹುಡುಕುವ ಫೋಲ್ಡರ್ ಬೇರೆ, ಪ್ರೋಗ್ರಾಮ್ ಹುಡುಕುವ ಫೋಲ್ಡರ್ ಬೇರೆ. ಬರಿಯ ಹೆಸರು ಕೊಟ್ಟರೆ ಪ್ರೋಗ್ರಾಮ್ ತಾನು ಓಡುತ್ತಿರುವ ಫೋಲ್ಡರಿನಲ್ಲಿ ಹುಡುಕುತ್ತದೆ. ಅದು ನಿಮ್ಮ ಕೋಡು ಇರುವ ಫೋಲ್ಡರೇ ಆಗಿರಬೇಕೆಂದಿಲ್ಲ. ವಿಎಸ್ ಕೋಡ್ ಹಲವು ಸಲ ನೀವು ತೆರೆದ ಮೇಲಿನ ಫೋಲ್ಡರಿನಿಂದ ಓಡಿಸುತ್ತದೆ. ಪತ್ತೆ ಮಾಡುವುದು ಸುಲಭ: ಹೊಸ ಹೆಸರಿನ ಒಂದು ಫೈಲನ್ನು ಪ್ರೋಗ್ರಾಮಿನಿಂದಲೇ ಬರೆಸಿ, ಅದು ಎಲ್ಲಿ ಹುಟ್ಟಿತು ಎಂದು ಹುಡುಕಿ. ಅಲ್ಲೇ ನಿಮ್ಮ ಫೈಲೂ ಇರಬೇಕು.

ಎರಡು, ವಿಂಡೋಸ್ ಹೆಸರಿನ ಬಾಲವನ್ನು ಅಡಗಿಸಿಡುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸಿದ ಫೈಲಿಗೆ ಮತ್ತೆ 'ಡಾಟ್ ಟಿಎಕ್ಸ್‌ಟಿ' ಎಂದು ಕೈಯಾರೆ ಸೇರಿಸಿದರೆ ಒಳಗೆ ಎರಡು ಬಾಲ ಇರುತ್ತವೆ, ಕಣ್ಣಿಗೆ ಒಂದೇ ಕಾಣುತ್ತದೆ. ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಫೈಲ್ ಎಕ್ಸ್‌ಟೆನ್ಷನ್ ತೋರಿಸು ಎಂದು ಗುರುತು ಹಾಕಿಡಿ. ಕೆಲವು ಕಡೆ ಇನ್ನೂ ಟರ್ಬೊ ಸಿಯನ್ನು ಡಾಸ್‌ಬಾಕ್ಸಿನೊಳಗೆ ಓಡಿಸುತ್ತಾರೆ. ಅಲ್ಲಿ ಎಂಟು ಅಕ್ಷರಕ್ಕಿಂತ ಉದ್ದದ ಹೆಸರೇ ಬೇಡ.

ಮೂರು, ಹಿಂಗೆರೆ, ಅಂದರೆ ಬ್ಯಾಕ್‌ಸ್ಲ್ಯಾಷ್. ನಮ್ಮ ಟ್ರಾನ್ಸ್ ಹಾರ್ಬರ್ ಲೈನಿನವರಿಗೆ ಇದನ್ನು ನೆನಪಿಡುವುದು ಬಲು ಸುಲಭ. ಸಿ ಭಾಷೆಯ ಉದ್ಧರಣ ಚಿಹ್ನೆಯೊಳಗೆ ಹಿಂಗೆರೆಯ ನಂತರ ಬರುವ ಇಂಗ್ಲಿಷ್ ಅಕ್ಷರಕ್ಕೆ ವಿಶೇಷ ಅರ್ಥ ಉಂಟು. ಸ್ಟೇಷನ್ನಿಗೊಂದು ಫೋಲ್ಡರ್ ಮಾಡಿ ಹಿಂಗೆರೆ ಹಾಕಿ ದಾರಿ ಬರೆದಿದ್ದೀರಿ ಎನ್ನಿ. ಥಾಣೆಯ 'ಟಿ' ಟ್ಯಾಬ್ ಆಗುತ್ತದೆ, ತುರ್ಭೆಯದೂ ಅಷ್ಟೇ. ನೆರುಳ್‌ನ 'ಎನ್' ಹೊಸ ಸಾಲಾಗುತ್ತದೆ. ಐರೋಲಿಯ 'ಎ' ಗಂಟೆ ಬಾರಿಸುತ್ತದೆ. ರಬಾಳೆಯ 'ಆರ್' ಸಾಲಿನ ಮೊದಲಿಗೆ ಓಡುತ್ತದೆ. ವಾಶಿಯ 'ವಿ' ಉದ್ದುದ್ದ ಟ್ಯಾಬು, ಬೇಲಾಪುರದ 'ಬಿ' ಒಂದು ಅಕ್ಷರ ಹಿಂದೆ ಸರಿಯುವ ಬ್ಯಾಕ್‌ಸ್ಪೇಸು. ಡೊಂಬಿವಲಿ, ಕಲ್ಯಾಣ, ಘನ್‌ಸೋಲಿಯ ಮೊದಲಕ್ಷರಗಳಿಗೆ ಇಂಥ ಅರ್ಥವಿಲ್ಲ, ಅಲ್ಲಿ ಕಂಪೈಲರು ಒಂದು ಎಚ್ಚರಿಕೆ ಕೊಡುತ್ತದೆ. ಉಲ್ಲಾಸನಗರದ 'ಯು' ಮಾತ್ರ ಕಂಪೈಲ್ ಆಗಲೂ ಬಿಡದೆ ತಕರಾರು ತೆಗೆಯುತ್ತದೆ. ಅಂದರೆ ಥಾಣೆಯಲ್ಲಿ ಎಡವಿದವನಿಗೆ ತನ್ನ ತಪ್ಪು ತಿಳಿಯುವುದೇ ಇಲ್ಲ, ಉಲ್ಲಾಸನಗರದಲ್ಲಿ ಎಡವಿದವನಿಗೆ ಕೂಡಲೇ ತಿಳಿಯುತ್ತದೆ. ಪರಿಹಾರ ಎರಡು: ಹಿಂಗೆರೆಯನ್ನು ಜೋಡಿಯಾಗಿ ಹಾಕಿ, ಇಲ್ಲವೇ ಮುಂದಕ್ಕೆ ವಾಲಿದ ಗೆರೆ ಬಳಸಿ. ಇಂದಿನ ವಿಂಡೋಸ್ ಕಂಪೈಲರುಗಳಲ್ಲಿ ಅದೂ ನಡೆಯುತ್ತದೆ.

'ಪರ್ಮಿಷನ್ ಡಿನೈಡ್' ಬಂದರೆ ಮೊದಲು ನೋಡಬೇಕಾದದ್ದು ಎಕ್ಸೆಲ್. ಅದೇ ಫೈಲನ್ನು ಎಕ್ಸೆಲ್ಲಿನಲ್ಲಿ ತೆರೆದಿಟ್ಟುಕೊಂಡು ಪ್ರೋಗ್ರಾಮಿನಿಂದ ಬರೆಯಲು ಹೋದರೆ ಅದು ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಎಕ್ಸೆಲ್ ಮುಚ್ಚಿ ಮತ್ತೆ ಓಡಿಸಿ.

ಇನ್ನೊಂದು ಸಂದರ್ಭ ಇದೆ. ಪ್ರತಿ ಸದಸ್ಯರಿಗೂ ಒಂದೊಂದು ರಸೀದಿ ಫೈಲು ಮಾಡುವ ಪ್ರೋಗ್ರಾಮ್ ಮೊದಲ ಕೆಲವು ನೂರು ಜನರಿಗೆ ಚೆನ್ನಾಗಿ ನಡೆದು, ಆಮೇಲೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಲೂಪಿನೊಳಗೆ ಎಫ್‌ಕ್ಲೋಸ್ ಇಲ್ಲ ಎಂದು ಅರ್ಥ. ವಿಂಡೋಸಿನಲ್ಲಿ ಏಕಕಾಲಕ್ಕೆ ತೆರೆದಿಡಬಹುದಾದ ಫೈಲುಗಳ ಮಿತಿ ಸಾಮಾನ್ಯವಾಗಿ 512. ಒಳಗೆ ಹೋದವರು ಹೊರಗೆ ಬಾರದಿದ್ದರೆ ಡಬ್ಬಿ ತುಂಬಲೇಬೇಕು.

ಯಾವ ಮೋಡಿನಲ್ಲಿ ತೆರೆದಿರಿ?

'ಆರ್' ಓದಲು, 'ಡಬ್ಲ್ಯು' ಬರೆಯಲು, 'ಎ' ಕೊನೆಗೆ ಸೇರಿಸಲು. ಇಷ್ಟನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಹೇಳದೆ ಬಿಡುವುದು ಇದು: 'ಡಬ್ಲ್ಯು' ಎಂದು ತೆರೆದ ಕ್ಷಣವೇ ಹಳೆಯ ಫೈಲು ಖಾಲಿ. ನೀವು ಒಂದಕ್ಷರ ಬರೆಯದಿದ್ದರೂ ಖಾಲಿ. ಮುಂದಿನ ಸಾಲಿನಲ್ಲಿ ಪ್ರೋಗ್ರಾಮ್ ಬಿದ್ದರೂ ಖಾಲಿ. 'ಡಬ್ಲ್ಯು ಪ್ಲಸ್' ಎಂದರೆ ಓದುವುದೂ ಬರೆಯುವುದೂ ಎಂದು ಪುಸ್ತಕದಲ್ಲಿ ಇರುತ್ತದೆ. ಹಾಗೆಂದು ಸದಸ್ಯರ ಪಟ್ಟಿಯನ್ನು ಅದರಲ್ಲಿ ತೆರೆದರೆ ಓದಲು ಏನೂ ಉಳಿದಿರುವುದಿಲ್ಲ. ಮರುಬಳಕೆಯ ಬುಟ್ಟಿಯಲ್ಲೂ ಅದು ಸಿಗದು, ಏಕೆಂದರೆ ಫೈಲನ್ನು ಯಾರೂ ಅಳಿಸಲಿಲ್ಲ, ಒಳಗಿನದನ್ನು ಮಾತ್ರ ಒರೆಸಲಾಯಿತು.

ಇರುವ ಫೈಲನ್ನು ಓದಿ ತಿದ್ದಲು 'ಆರ್ ಪ್ಲಸ್' ಬೇಕು. ಅಲ್ಲೊಂದು ನಿಯಮ ಇದೆ. ಓದುತ್ತಿದ್ದವರು ಬರೆಯಲು ಹೊರಟಾಗ, ಬರೆಯುತ್ತಿದ್ದವರು ಓದಲು ಹೊರಟಾಗ ನಡುವೆ ಒಂದು ಎಫ್‌ಸೀಕ್ ಇರಬೇಕು. ಇಲ್ಲದಿದ್ದರೆ ಏನಾಗುತ್ತದೆಂದು ಭಾಷೆ ಖಾತರಿ ಕೊಡುವುದಿಲ್ಲ.

ಹೊಸ ಫೈಲೇ ಬೇಕು, ಅದೇ ಹೆಸರಿನದು ಮೊದಲೇ ಇದ್ದರೆ ಮುಟ್ಟಬಾರದು ಎಂದಾದರೆ 2011ರ ಸಿ ಮಾನಕದಲ್ಲಿ 'ಡಬ್ಲ್ಯುಎಕ್ಸ್' ಎಂಬ ಮೋಡ್ ಬಂದಿದೆ. ಹಳೆಯ ಫೈಲು ಇದ್ದರೆ ಅದು ನಲ್ ಕೊಟ್ಟು ಸುಮ್ಮನಾಗುತ್ತದೆ.

ಇನ್ನೂರು ಜನ 285 ಆದದ್ದು ಹೇಗೆ?

ಈಗ ಒಂದು ಲೆಕ್ಕ ಮಾಡೋಣ. ಊರಿನ ಹೆಸರು, ಜಾಗ ಬಿಟ್ಟು ಸದಸ್ಯರ ಸಂಖ್ಯೆ, ಹೀಗೆ ನಾಲ್ಕು ಸಾಲಿನ ಫೈಲು. ಅಂಕಿಗಳು ಉದಾಹರಣೆಗಷ್ಟೇ:

ಥಾಣೆ 40
ಡೊಂಬಿವಲಿ 75
ಕಲ್ಯಾಣ 30
ನವಿ ಮುಂಬಯಿ 55

ಒಟ್ಟು 200. ಪ್ರೋಗ್ರಾಮ್ ನಮ್ಮ ಮಕ್ಕಳು ಬರೆಯುವ ಮಾಮೂಲಿನದ್ದೇ. "ಫೈಲು ಮುಗಿಯದಿರುವವರೆಗೆ" ಎಂದು ಎಫ್‌ಇಒಎಫ್ ಇಟ್ಟು ಲೂಪು, ಒಳಗೆ ಎಫ್‌ಸ್ಕ್ಯಾನ್‌ಎಫ್‌ನಿಂದ ಒಂದು ಪದ, ಒಂದು ಸಂಖ್ಯೆ ಓದುವುದು, ಕೂಡುತ್ತ ಹೋಗುವುದು. ಹೆಸರಿಗೆ ಸಾಕಷ್ಟು ದೊಡ್ಡ ಜಾಗವೇ ಇದೆ ಎನ್ನಿ. ಉತ್ತರ 285 ಎಂದು ಬರುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ವಾರ್ಷಿಕೋತ್ಸವದ ಊಟಕ್ಕೆ ಈ ಲೆಕ್ಕ ಕೊಟ್ಟರೆ 85 ಎಲೆ ಹೆಚ್ಚು.

ಎಲ್ಲಿ ತಪ್ಪಿತು? ಮೊದಲ ಮೂರು ಸಾಲು ಸರಿಯಾಗಿ ಬಂದವು. ನಾಲ್ಕನೆಯ ಸಾಲಿನಲ್ಲಿ 'ಪದ ಓದು' ಎಂದಾಗ ಅದು ಜಾಗ ಸಿಕ್ಕಲ್ಲಿ ನಿಂತು 'ನವಿ' ಅಷ್ಟನ್ನೇ ಓದಿತು. ಆಮೇಲೆ 'ಸಂಖ್ಯೆ ಓದು' ಎಂದರೆ ಎದುರಿಗೆ 'ಮುಂಬಯಿ' ಇದೆ. ಸಂಖ್ಯೆ ಸಿಗದೆ ಸುಮ್ಮನಾಯಿತು. ಸಂಖ್ಯೆಯ ಚರದಲ್ಲಿ ಕಲ್ಯಾಣದ 30 ಹಾಗೇ ಕೂತಿತ್ತು. ಆದ್ದರಿಂದ 'ನವಿ 30' ಎಂದು ಲೆಕ್ಕಕ್ಕೆ ಸೇರಿತು. ಮುಂದಿನ ಸುತ್ತಿನಲ್ಲಿ 'ಮುಂಬಯಿ 55'. ಇಲ್ಲಿಗೆ 230. ಉಳಿದ 55 ಎಲ್ಲಿಯದು?

ಅದು ಎಫ್‌ಇಒಎಫ್‌ನ ಕೊಡುಗೆ. ಈ ಫಂಕ್ಷನ್ ಮುಂದೇನಿದೆ ಎಂದು ಇಣುಕಿ ನೋಡುವುದಿಲ್ಲ. ಅಕ್ಕಿ ಡಬ್ಬಿಗೆ ಕೈಹಾಕಿ ಬರಿಗೈ ಬಂದ ಮೇಲಷ್ಟೇ "ಮುಗಿದಿದೆ" ಎನ್ನುವವರ ಹಾಗೆ ಅದು. 55 ಓದಿದ ಮೇಲೆ ಸಾಲಿನ ಕೊನೆಯ ಎಂಟರ್ ಇನ್ನೂ ಬಾಕಿ ಇತ್ತು. ಹಾಗಾಗಿ ಫೈಲು ಮುಗಿದಿಲ್ಲ ಎಂದು ಲೂಪು ಇನ್ನೊಂದು ಸುತ್ತು ತಿರುಗಿತು. ಎಫ್‌ಸ್ಕ್ಯಾನ್‌ಎಫ್‌ಗೆ ಏನೂ ಸಿಗಲಿಲ್ಲ. ಹಳೆಯ 'ಮುಂಬಯಿ 55' ಮತ್ತೆ ಸೇರಿತು. ತಮಾಷೆ ಎಂದರೆ ಕೊನೆಯ ಸಾಲಿನ ನಂತರ ಎಂಟರ್ ಒತ್ತದೆ ಉಳಿಸಿದ ಫೈಲಿನಲ್ಲಿ ಈ ಎರಡನೆಯ ತಪ್ಪು ಬರುವುದಿಲ್ಲ. "ನನ್ನ ಕಂಪ್ಯೂಟರಿನಲ್ಲಿ ಸರಿ ಬರ್ತದೆ, ಲ್ಯಾಬಿನಲ್ಲಿ ಬರೋದಿಲ್ಲ" ಎಂಬ ದೂರಿನ ಹಿಂದೆ ಹಲವು ಸಲ ಆ ಒಂದು ಎಂಟರ್ ಇರುತ್ತದೆ.

ಈ ಎರಡೂ ಸಂದರ್ಭಗಳಲ್ಲಿ ಎಫ್‌ಸ್ಕ್ಯಾನ್‌ಎಫ್ ನಿಜ ಹೇಳಿತ್ತು. ಸರಿಯಾದ ಸಾಲಿಗೆ 2 ಎಂದು, 'ನವಿ'ಯ ಸಾಲಿಗೆ 1 ಎಂದು, ಕೊನೆಗೆ ಇಒಎಫ್ ಎಂದು ಉತ್ತರ ಕೊಟ್ಟಿತ್ತು. ಕೇಳಿದವರಿಲ್ಲ ಅಷ್ಟೇ.

ಪರಿಹಾರ ಹೀಗೆ. ಲೂಪಿನ ಬಾಗಿಲಲ್ಲಿ ಎಫ್‌ಇಒಎಫ್ ಬೇಡ, ಓದುವ ಫಂಕ್ಷನ್ನನ್ನೇ ನಿಲ್ಲಿಸಿ. ಎಫ್‌ಗೆಟ್ಸ್ ನಲ್ ಕೊಡುವವರೆಗೆ ಒಂದೊಂದು ಸಾಲು ಪೂರ್ತಿ ಓದಿ. ಹೆಸರು ಮತ್ತು ಸಂಖ್ಯೆಯ ನಡುವೆ ಜಾಗದ ಬದಲು ಅಲ್ಪವಿರಾಮ ಇಡಿ. ಓದಿದ ಸಾಲನ್ನು ಎಸ್‌ಸ್ಕ್ಯಾನ್‌ಎಫ್‌ನಿಂದ ಒಡೆಯಿರಿ. 'ಅಲ್ಪವಿರಾಮ ಬರುವವರೆಗೆ ಓದು' ಎನ್ನಲು ಚೌಕ ಆವರಣ ಮತ್ತು ಟೋಪಿ ಚಿಹ್ನೆಯ ರೂಪ ಪುಸ್ತಕದಲ್ಲಿ ಇದೆ. ಉತ್ತರ 2 ಬಾರದಿದ್ದರೆ ಆ ಸಾಲಿನ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಿ, ಲೆಕ್ಕಕ್ಕೆ ಸೇರಿಸಬೇಡಿ. 'ನವಿಮುಂಬಯಿ' ಎಂದು ಕೂಡಿಸಿ ಬರೆಯುವವರು ಮೊದಲ ತಪ್ಪಿನಿಂದ ತಪ್ಪಿಸಿಕೊಳ್ಳುತ್ತಾರೆ, ನಿಜ. ಆದರೆ ಸದಸ್ಯರ ಹೆಸರು, ಇನಿಷಿಯಲ್, ಮನೆತನ ಎಲ್ಲವನ್ನೂ ಹಾಗೆ ಕೂಡಿಸಲು ಆಗುತ್ತದೆಯೇ?

ಕನ್ನಡ ಅಕ್ಷರ ಎಷ್ಟು ಬೈಟು?

ಇಂಗ್ಲಿಷ್ ಹೆಸರಿನಲ್ಲಿ ಚೆನ್ನಾಗಿ ನಡೆದ ಪ್ರೋಗ್ರಾಮ್ ಕನ್ನಡ ಹೆಸರು ಹಾಕಿದ ಕೂಡಲೇ ಕೆಡುವುದುಂಟು. ಕಾರಣ ಸರಳ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟು. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ಸ್ವರ ಚಿಹ್ನೆಯೂ ಒಂದು ಸಂಕೇತ, ಒತ್ತಕ್ಷರ ಮಾಡುವ ವಿರಾಮವೂ ಒಂದು ಸಂಕೇತ, ಅನುಸ್ವಾರವೂ ಒಂದು. 'ಕಲ್ಯಾಣ' ನಮ್ಮ ಕಣ್ಣಿಗೆ ಮೂರಕ್ಷರ. ಒಳಗೆ ಕ, ಲ, ವಿರಾಮ, ಯ, ಆಕಾರದ ಚಿಹ್ನೆ, ಣ ಎಂದು ಆರು ಸಂಕೇತ, 18 ಬೈಟು. 'ಡೊಂಬಿವಲಿ' ನಾಲ್ಕಕ್ಷರ, ಎಂಟು ಸಂಕೇತ, 24 ಬೈಟು.

ಹೆಸರಿಗೆಂದು 20ರ ಅರೇ ಇಟ್ಟು, ಸಾಲಿಗೊಂದು ಊರಿನ ಹೆಸರು ಮಾತ್ರ ಇರುವ ಫೈಲನ್ನು ಎಫ್‌ಗೆಟ್ಸ್‌ನಿಂದ ಓದಿದಿರಿ ಎನ್ನಿ. ಕಲ್ಯಾಣ ಸರಿಯಾಗಿ ಹಿಡಿಯುತ್ತದೆ: 18 ಬೈಟು, ಸಾಲಿನ ಕೊನೆಯ ಗುರುತು ಒಂದು, ಸ್ಟ್ರಿಂಗ್ ಮುಗಿಸುವ ಸೊನ್ನೆ ಒಂದು. ಒಂದು ಇಂಚೂ ಉಳಿಯಲಿಲ್ಲ. ಡೊಂಬಿವಲಿ ಹಿಡಿಯುವುದಿಲ್ಲ. ಎಫ್‌ಗೆಟ್ಸ್ 19 ಬೈಟು ಓದಿ ನಿಲ್ಲುತ್ತದೆ. 'ಡೊಂಬಿವ' ಎಂಬಲ್ಲಿಗೆ 18 ಬೈಟು, ಹತ್ತೊಂಬತ್ತನೆಯದು 'ಲ'ದ ಮೂರರಲ್ಲಿ ಒಂದು ತುಂಡು. ಪರದೆಯ ಮೇಲೆ 'ಡೊಂಬಿವ' ಮತ್ತು ಒಂದು ಪ್ರಶ್ನೆ ಚಿಹ್ನೆಯ ಡಬ್ಬಿ ಕಾಣುತ್ತದೆ. ಮುಂದಿನ ಓದಿನಲ್ಲಿ 'ಲ'ದ ಉಳಿದ ಎರಡು ತುಂಡು ಮತ್ತು ಗುಡಿಸು ಬಂದು ಒಂದು ಹೊಸ ಊರಾಗಿ ಕೂತುಕೊಳ್ಳುತ್ತವೆ. ಎಫ್‌ಗೆಟ್ಸ್‌ನ ಬದಲು ಎಫ್‌ಸ್ಕ್ಯಾನ್‌ಎಫ್‌ನಿಂದ ಮಿತಿ ಹಾಕದೆ ಪದ ಓದಿದ್ದರೆ ಇನ್ನೂ ಕೆಟ್ಟದ್ದು. ಅದು 20ರ ಗಡಿ ದಾಟಿ ಪಕ್ಕದವರ ಜಾಗಕ್ಕೆ ಬರೆದುಬಿಡುತ್ತದೆ.

ಕನ್ನಡ ಹೆಸರಿಗೆ ಜಾಗ ಇಡುವಾಗ ಕೈ ಬಿಗಿ ಹಿಡಿಯಬೇಡಿ. 200, 300 ಇಡಿ. ಸಾಲಿನ ಕೊನೆಯಲ್ಲಿ ಹೊಸಸಾಲಿನ ಗುರುತು ಇಲ್ಲದಿದ್ದರೆ, ಫೈಲಿನ ಕೊನೆಯ ಸಾಲೂ ಅದಲ್ಲದಿದ್ದರೆ, ಸಾಲು ಪೂರ್ತಿ ಬಂದಿಲ್ಲ ಎಂದು ತಿಳಿಯಿರಿ.

ಇನ್ನು ಹೆಸರು ಹುಡುಕುವ ಪ್ರೋಗ್ರಾಮ್. ಫೈಲಿನಲ್ಲಿ ಹೆಸರು ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಮಾತ್ರ "ಇಲ್ಲ" ಎನ್ನುತ್ತದೆ. 'ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು' ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಯಾವ ಸಾಲು ಸಿಗುತ್ತಿಲ್ಲ ಎಂಬುದರಲ್ಲೇ ಸುಳಿವಿದೆ.

ಕೊನೆಯ ಸಾಲೊಂದನ್ನು ಬಿಟ್ಟು ಯಾವುದೂ ಸಿಗದಿದ್ದರೆ, ಎಫ್‌ಗೆಟ್ಸ್ ಜೊತೆಗೆ ತಂದ ಹೊಸಸಾಲಿನ ಗುರುತನ್ನು ನೀವು ಕತ್ತರಿಸಿಲ್ಲ. ಕೊನೆಯ ಸಾಲಿಗೆ ಆ ಗುರುತು ಇಲ್ಲದಿರುವುದರಿಂದ ಅದು ಸಿಗುತ್ತದೆ.

ಮೊದಲ ಸಾಲು ಮಾತ್ರ ಸಿಗದೆ ಉಳಿದದ್ದೆಲ್ಲ ಸಿಕ್ಕರೆ, ಫೈಲಿನ ತಲೆಯಲ್ಲಿ ಬಾಮ್ ಎಂಬ ಗುರುತು ಕೂತಿದೆ. 239, 187, 191 ಎಂಬ ಮೂರು ಬೈಟುಗಳು, ಕಣ್ಣಿಗೆ ಕಾಣುವುದಿಲ್ಲ. ಹಳೆಯ ನೋಟ್‌ಪ್ಯಾಡು ಯುಟಿಎಫ್-8ರಲ್ಲಿ ಉಳಿಸಿದರೆ ಇದನ್ನು ಸೇರಿಸುತ್ತಿತ್ತು. 2019ರ ವಿಂಡೋಸ್ 10ರ ಆವೃತ್ತಿಯಿಂದ ಅದು ಬಿಟ್ಟಿದೆ. ಎಕ್ಸೆಲ್ಲಿನ 'ಸಿಎಸ್‌ವಿ ಯುಟಿಎಫ್-8' ಈಗಲೂ ಸೇರಿಸುತ್ತದೆ. ಮೊದಲ ಸಾಲಿನ ಆರಂಭದಲ್ಲಿ ಈ ಮೂರು ಬೈಟು ಕಂಡರೆ ದಾಟಿ ಮುಂದೆ ಹೋಗುವಂತೆ ಬರೆಯಿರಿ.

ಯಾವ ಕನ್ನಡ ಹೆಸರೂ ಸಿಗದಿದ್ದರೆ ಫೈಲು ಯುಟಿಎಫ್-8 ಹೌದೇ ನೋಡಿ. ನುಡಿ, ಬರಹದ ಹಳೆಯ ಫಾಂಟು ಆಧಾರಿತ ಫೈಲುಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಹಳೆಯ ಸಂಘಗಳ ಪಟ್ಟಿಗಳು ಹೆಚ್ಚಾಗಿ ಇದೇ ರೂಪದಲ್ಲಿ ಇರುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ನೋಟ್‌ಪ್ಯಾಡಿನಲ್ಲಿ ಕನ್ನಡವಿರುವ ಫೈಲನ್ನು 'ಎಎನ್‌ಎಸ್‌ಐ' ಎಂದು ಆರಿಸಿ ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತವೆ. ಉಳಿಸುವ ಮೊದಲು ಅದು ಕೇಳುತ್ತದೆ, ನಾವು ಓದದೆ ಸರಿ ಎಂದು ಒತ್ತುತ್ತೇವೆ. ಆ ಪ್ರಶ್ನೆ ಚಿಹ್ನೆಗಳಿಂದ ಹೆಸರುಗಳನ್ನು ಯಾವ ಪ್ರೋಗ್ರಾಮೂ ಮರಳಿ ತರಲಾರದು. ವಿಂಡೋಸಿನ ಕಪ್ಪು ಪರದೆಯಲ್ಲಿ ಕನ್ನಡ ಕೆಟ್ಟು ಕಾಣುವುದು ಬೇರೆ ವಿಷಯ. ಫೈಲನ್ನು ಬ್ರೌಸರಿನಲ್ಲಿ ತೆರೆದು ನೋಡಿ, ಅಲ್ಲಿ ಸರಿ ಕಂಡರೆ ಫೈಲು ಸರಿಯಿದೆ.

ಅನುಮಾನ ಬಂದಾಗಲೆಲ್ಲ ಹತ್ತು ಸಾಲಿನ ಒಂದು ಸಣ್ಣ ಪ್ರೋಗ್ರಾಮ್ ಕೆಲಸಕ್ಕೆ ಬರುತ್ತದೆ: ಫೈಲನ್ನು ಬೈನರಿ ಮೋಡಿನಲ್ಲಿ ತೆರೆದು, ಎಫ್‌ಗೆಟ್‌ಸಿಯಿಂದ ಒಂದೊಂದೇ ಬೈಟು ತೆಗೆದು ಅದರ ಸಂಖ್ಯೆ ಬರೆಸುವುದು. ಯುಟಿಎಫ್-8 ಕನ್ನಡವಾದರೆ ಮೂರು ಮೂರರ ಗುಂಪು, ಪ್ರತಿ ಗುಂಪು 224ರಿಂದ ಆರಂಭ, ಎರಡನೆಯದು 178 ಅಥವಾ 179. 10 ಕಂಡರೆ ಹೊಸಸಾಲು, ಅದರ ಮುಂಚೆ 13 ಇದ್ದರೆ ವಿಂಡೋಸಿನಲ್ಲಿ ಹುಟ್ಟಿದ ಫೈಲು.

ಫೋಟೋ ನಕಲು ಯಾಕೆ ಖಾಲಿ?

ಸದಸ್ಯರ ಫೋಟೋಗಳನ್ನು ನಕಲು ಮಾಡುವ ಪ್ರೋಗ್ರಾಮಿನಲ್ಲಿ ಎರಡು ತಪ್ಪು ಸಾಮಾನ್ಯ. ಎಫ್‌ಗೆಟ್‌ಸಿಯ ಉತ್ತರವನ್ನು ಕ್ಯಾರ್ ಚರದಲ್ಲಿ ಇಡುವುದು ಮೊದಲನೆಯದು. ಅದನ್ನು ಇಂಟ್‌ನಲ್ಲೇ ಇಡಬೇಕು. ಜೆಪೆಗ್ ಫೋಟೋದ ಮೊದಲ ಬೈಟೇ 255. ನಾವು ಸಾಮಾನ್ಯವಾಗಿ ಬಳಸುವ ಕಂಪ್ಯೂಟರುಗಳಲ್ಲಿ ಕ್ಯಾರ್‌ಗೆ ಇಳಿದರೆ ಅದು ಮೈನಸ್ ಒಂದಾಗುತ್ತದೆ, ಇಒಎಫ್ ಕೂಡ ಅದೇ ಮೈನಸ್ ಒಂದು. ಮೊದಲ ಬೈಟಿನಲ್ಲೇ "ಮುಗಿಯಿತು" ಎಂದುಕೊಂಡು ಲೂಪು ನಿಲ್ಲುತ್ತದೆ. ನಕಲು ಸೊನ್ನೆ ಬೈಟು.

ಎರಡನೆಯದು, ಮೋಡಿನಲ್ಲಿ 'ಬಿ' ಮರೆಯುವುದು. ವಿಂಡೋಸಿನಲ್ಲಿ ಪಠ್ಯ ಮೋಡು 13, 10ರ ಜೋಡಿಯನ್ನು ಒಂದಾಗಿಸುತ್ತದೆ, 26 ಕಂಡರೆ ಫೈಲು ಮುಗಿಯಿತೆಂದು ನಿಲ್ಲುತ್ತದೆ. ಪಿಎನ್‌ಜಿ ಚಿತ್ರರೂಪ ಮಾಡಿದವರು ಇದನ್ನು ಬಲ್ಲವರು. ಅದರ ಮೊದಲ ಎಂಟು ಬೈಟುಗಳಲ್ಲಿ 13, 10, 26, 10 ಎಂದು ಬೇಕೆಂದೇ ಇಟ್ಟಿದ್ದಾರೆ. ಯಾರಾದರೂ ಪಠ್ಯವೆಂದು ತಿಳಿದು ಸಾಗಿಸಿದರೆ ತಲೆಯಲ್ಲೇ ಕೆಟ್ಟು ಸಿಕ್ಕಿಬೀಳಲಿ ಎಂದು.

ನಾಲ್ಕನೆಯ ಸೀಟು ಇಲ್ಲ

ಕೊನೆಯದು ಬರೆದು ಉಳಿಸುವ ವಿಷಯ. ಡೊಂಬಿವಲಿಯ 75 ಈಗ 120 ಆಗಿದೆ, ತಿದ್ದಬೇಕು. 'ಆರ್ ಪ್ಲಸ್'ನಲ್ಲಿ ತೆರೆದು ಆ ಜಾಗಕ್ಕೆ ಹೋಗಿ 120 ಬರೆದರೆ? ಎರಡು ಅಂಕೆಯ ಜಾಗದಲ್ಲಿ ಮೂರು ಅಂಕೆ. ಮೂರನೆಯದು ಸಾಲಿನ ಕೊನೆಯ ಗುರುತಿನ ಮೇಲೆ ಕೂರುತ್ತದೆ. ಲಿನಕ್ಸಿನಲ್ಲಾದರೆ ಡೊಂಬಿವಲಿ ಮತ್ತು ಕಲ್ಯಾಣ ಒಂದೇ ಸಾಲಾಗುತ್ತವೆ. ನಮ್ಮ ಲೋಕಲ್‌ನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರು ಅಂಚಿಗೆ ಹೇಗೋ ಕೂರುತ್ತಾರೆ, ಉಳಿದವರು ಸ್ವಲ್ಪ ಸರಿಯುತ್ತಾರೆ. ಫೈಲಿನಲ್ಲಿ ಯಾರೂ ಸರಿಯುವುದಿಲ್ಲ. ನಡುವೆ ತುರುಕಲು ಹೋದರೆ ಕೂತವರ ಮೇಲೆಯೇ ಕೂರಬೇಕು.

ಆದ್ದರಿಂದ ಪಠ್ಯ ಫೈಲನ್ನು ತಿದ್ದುವುದೆಂದರೆ ಪೂರ್ತಿ ಹೊಸದಾಗಿ ಬರೆಯುವುದು. ಆದರೆ ಹಳೆಯದರ ಮೇಲೆಯೇ ಬರೆಯಬಾರದು. ಎಫ್‌ಪ್ರಿಂಟ್‌ಎಫ್ ಬರೆದದ್ದು ಕೂಡಲೇ ಡಿಸ್ಕಿಗೆ ಹೋಗುವುದಿಲ್ಲ, ಬಫರಿನಲ್ಲಿ ಕೂತಿರುತ್ತದೆ. ಎಫ್‌ಕ್ಲೋಸ್ ಆಗುವ ಮೊದಲು ಪ್ರೋಗ್ರಾಮ್ ಬಿದ್ದರೆ, ಮಳೆಗಾಲದಲ್ಲಿ ಕರೆಂಟು ಹೋದರೆ, ಹಳೆಯದು ಖಾಲಿ, ಹೊಸದು ಬಂದಿಲ್ಲ. ದೊಡ್ಡವರಿಗೂ ಇದು ಬಿಟ್ಟಿಲ್ಲ. 2009ರಲ್ಲಿ ಲಿನಕ್ಸಿನ ಇಎಕ್ಸ್‌ಟಿ4 ಬಳಸತೊಡಗಿದ ಕೆಲವರ ಕಂಪ್ಯೂಟರ್ ಕೈಕೊಟ್ಟು ಮತ್ತೆ ಶುರುವಾದಾಗ ಹಲವು ಸೆಟಿಂಗ್ ಫೈಲುಗಳು ಸೊನ್ನೆ ಬೈಟು ಆಗಿದ್ದವು. ಹಳೆಯ ಫೈಲನ್ನು ಖಾಲಿ ಮಾಡಿ ಅದರ ಮೇಲೆಯೇ ಬರೆಯುವ ಪ್ರೋಗ್ರಾಮುಗಳ ಪದ್ಧತಿ ಆಗ ದೊಡ್ಡ ಚರ್ಚೆಗೆ ಬಂತು.

ಸುರಕ್ಷಿತ ಕ್ರಮ ಇದು. ಹೊಸ ಪಟ್ಟಿಯನ್ನು ಬೇರೆ ಹೆಸರಿನ ಫೈಲಿಗೆ ಬರೆಯಿರಿ. ಎಫ್‌ಪ್ರಿಂಟ್‌ಎಫ್ ಋಣ ಸಂಖ್ಯೆ ಕೊಟ್ಟಿತೇ ನೋಡಿ. ಎಫ್‌ಕ್ಲೋಸ್‌ನ ಉತ್ತರ ಸೊನ್ನೆಯೇ ನೋಡಿ. ಪೆನ್‌ಡ್ರೈವ್ ತುಂಬಿದ್ದರೆ ಅದು ಹಲವು ಸಲ ಗೊತ್ತಾಗುವುದು ಇಲ್ಲೇ. ಎಲ್ಲ ಸರಿಯಿದ್ದರೆ ಹಳೆಯ ಫೈಲಿಗೆ 'ಹಿಂದಿನದು' ಎಂಬಂಥ ಹೆಸರು ಕೊಡಿ, ಹೊಸದಕ್ಕೆ ಅಸಲಿ ಹೆಸರು ಕೊಡಿ. ವಿಂಡೋಸಿನಲ್ಲಿ ಅದೇ ಹೆಸರಿನ ಫೈಲು ಮೊದಲೇ ಇದ್ದರೆ ರೀನೇಮ್ ಒಪ್ಪುವುದಿಲ್ಲ. ಆದ್ದರಿಂದ ಅದಕ್ಕೂ ಹಿಂದಿನ ಪ್ರತಿಯನ್ನು ಮೊದಲು ತೆಗೆಯಿರಿ. ರೀನೇಮ್ ಕೂಡ ಉತ್ತರ ಕೊಡುತ್ತದೆ, ಅದನ್ನೂ ಕೇಳಿ. ಹೀಗೆ ಮಾಡಿದರೆ ಯಾವ ಹಂತದಲ್ಲಿ ಕರೆಂಟು ಹೋದರೂ ಬಹುಮಟ್ಟಿಗೆ ಒಂದು ಪೂರ್ತಿ ಪಟ್ಟಿಯಾದರೂ ಉಳಿದಿರುತ್ತದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ಹೋಗುವವರಿಗೆ ಲೋಕಲ್‌ನಲ್ಲಿ ನಿಂತೇ ಓದಿಕೊಳ್ಳಲು ಇಷ್ಟು ಸಾಕು. ತೆರೆದ ಮೇಲೆ ನಲ್ ಪರೀಕ್ಷಿಸಿ, ಪಿಎರರ್ ಹಾಕಿ. 'ಡಬ್ಲ್ಯು' ಒತ್ತುವ ಮುನ್ನ ಒಮ್ಮೆ ಯೋಚಿಸಿ. ಲೂಪಿನ ಬಾಗಿಲಲ್ಲಿ ಓದುವ ಫಂಕ್ಷನ್ನೇ ಇರಲಿ. ಎಷ್ಟು ಬಂತು ಎಂದು ಎಣಿಸಿ. ಬೈಟಿಗೆ ಇಂಟ್, ಫೋಟೋಗೆ 'ಬಿ'. ಮುಚ್ಚುವುದನ್ನು ಮರೆಯಬೇಡಿ, ಮುಚ್ಚಿತೇ ಎಂದು ಕೇಳಲೂ ಮರೆಯಬೇಡಿ.

ಸಂಘದ ಕಾರ್ಯದರ್ಶಿಗಳಿಗೂ ಒಂದು ಮಾತು. ಹುಡುಗರು ಮಾಡಿಕೊಟ್ಟ ಪ್ರೋಗ್ರಾಮನ್ನು ಅಸಲಿ ಪಟ್ಟಿಯ ಮೇಲೆ ಓಡಿಸುವ ಮುನ್ನ ಅದರ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ. ಓಡಿಸಿದ ಮೇಲೆ ಒಟ್ಟು ಎಷ್ಟು ಹೆಸರು ಎಂದು ಹಳೆಯದಕ್ಕೂ ಹೊಸದಕ್ಕೂ ತಾಳೆ ನೋಡಿ. ಈ ತಾಳೆಗೆ ಸಿ ಭಾಷೆ ಬರಬೇಕೆಂದಿಲ್ಲ.

ಮುಂದಿನ ಸಂಚಿಕೆಯಲ್ಲಿ ಸ್ಟ್ರಕ್ಚರನ್ನು ನೇರವಾಗಿ ಬೈನರಿ ಫೈಲಿಗೆ ಬರೆದಾಗ, ಒಂದು ಕಂಪ್ಯೂಟರಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಯಾಕೆ ಓದಲು ಬರುವುದಿಲ್ಲ ಎಂಬುದನ್ನು ನೋಡೋಣ. ಪ್ರಶ್ನೆ ಕಳುಹಿಸುವವರು ಬರಿ ಕೋಡು ಕಳುಹಿಸಬೇಡಿ, ಜೊತೆಗೆ ಫೈಲಿನ ಮೊದಲ ಹತ್ತು ಸಾಲನ್ನೂ ಕಳುಹಿಸಿ. ಜನರ ಫೋನ್ ನಂಬರು, ವಿಳಾಸ ಇದ್ದರೆ ಮಾತ್ರ ಮೊದಲು ತೆಗೆದುಬಿಡಿ.